ಸೋಶಿಯಲ್ ಸೈಕಾಲಜಿಯಲ್ಲಿ ಎಂಎಸ್ಸಿ ಡಿಸರ್ಟೇಶನ್ ಮಾಡಬೇಕು, ನಾಲ್ಕು ತಿಂಗಳಿದೆ. ಎಷ್ಟು ಜನರಿಂದ ಫಾರ್ಮ್ ತುಂಬಿಸಿದರೆ ಸಾಕು?

‘ಯುವಜನರ ಮೇಲೆ ಸೋಶಿಯಲ್ ಮೀಡಿಯಾದ ಪರಿಣಾಮ’ ಅಂತ ಟಾಪಿಕ್ ಇಟ್ಟುಕೊಂಡಿದ್ದೇನೆ ಅಂದಿದ್ದೀರಿ. ಜನರ ಲೆಕ್ಕಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಟಾಪಿಕ್ ಬಿಡಿ. ಅದು ಟಾಪಿಕ್ ಅಲ್ಲ, ಸಂತೆ. ಯಾವ ಯುವಜನ, ಯಾವ ಪರಿಣಾಮ, ಯಾರಿಗೆ ಹೋಲಿಸಿ?

ನಾನೂ ಹೀಗೇ ‘ಗ್ರಾಮೀಣ ವಿದ್ಯಾರ್ಥಿಗಳ ಮನೋಭಾವ’ ಅಂತ ಸಿನಾಪ್ಸಿಸ್ ಕೊಟ್ಟಿದ್ದೆ. ಗೈಡ್ ಓದಿ, ‘ಇದರಲ್ಲಿ ಪ್ರಶ್ನೆ ಎಲ್ಲಮ್ಮಾ ಇದೆ?’ ಅಂದರು. ಒಂದು ವಾರ ತಲೆ ಕೆರೆದುಕೊಂಡ ಮೇಲೆ ನನ್ನದೇ ಕಥೆ ನೆನಪಾಯಿತು. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಡಿಗ್ರಿಗೆ ಬಂದ ಮೇಲೆ ಡೌಟ್ ಇದ್ದರೂ ಕೈ ಎತ್ತುತ್ತಿರಲಿಲ್ಲ. ಹಾಗಾದರೆ ಡಿಗ್ರಿ ಕಾಲೇಜಿನಲ್ಲಿ ಕನ್ನಡ ಮೀಡಿಯಂನಿಂದ ಬಂದವರ ಆತ್ಮಗೌರವ ಇಂಗ್ಲಿಷ್ ಮೀಡಿಯಂನವರಿಗಿಂತ ಕಡಿಮೆ ಇರುತ್ತಾ? ಇದಕ್ಕೆ ಉತ್ತರ ಹುಡುಕಬಹುದು, ಅಲ್ವಾ?

ನಿಮ್ಮ ಕಣ್ಣಿಗೆ ವಿಚಿತ್ರ ಅನ್ನಿಸಿದ್ದನ್ನೇ ಹಿಡಿದುಕೊಳ್ಳಿ. 1934ರ ಬಿಹಾರ ಭೂಕಂಪದ ನಂತರ ಹಬ್ಬಿದ ಗಾಳಿಸುದ್ದಿಗಳನ್ನು ಜಮುನಾ ಪ್ರಸಾದ್ ಅನ್ನುವವರು ಕಲೆ ಹಾಕಿದ್ದರು. ನೆಲ ನಡುಗಿದರೂ ಏನೂ ಹಾನಿಯಾಗದ ಊರುಗಳಲ್ಲಿ ‘ಇನ್ನೂ ದೊಡ್ಡದು ಬರುತ್ತೆ’ ಅನ್ನುವ ಸುದ್ದಿ ಓಡಾಡುತ್ತಿತ್ತು. ಬಚಾವಾದವರು ಯಾಕೆ ಹೆದರಿಸುವ ಮಾತು ನಂಬಬೇಕು? ಅಮೆರಿಕದ ಸೈಕಾಲಜಿಸ್ಟ್ ಲಿಯಾನ್ ಫೆಸ್ಟಿಂಗರ್ ಇದನ್ನು ಓದಿ ತಲೆ ಕೆಡಿಸಿಕೊಂಡರು. ಭಯ ಮೊದಲೇ ಇತ್ತು, ಅದಕ್ಕೊಂದು ಕಾರಣ ಬೇಕಿತ್ತು ಅಷ್ಟೇ ಅನ್ನಿಸಿತು ಅವರಿಗೆ. ಮನಸ್ಸಿನೊಳಗಿನ ಎರಡು ವಿಚಾರ ಹೊಂದದಿದ್ದರೆ ಕಸಿವಿಸಿಯಾಗುತ್ತದೆ, ಅದನ್ನು ಹೇಗಾದರೂ ಹೊಂದಿಸಿಕೊಳ್ಳುತ್ತೇವೆ ಅನ್ನುವ 1957ರ ಕಾಗ್ನಿಟಿವ್ ಡಿಸೊನೆನ್ಸ್ ಸಿದ್ಧಾಂತ ಶುರುವಾಗಿದ್ದು ಅಲ್ಲಿಂದ.

ಇನ್ನು ಪ್ರಶ್ನಾವಳಿ. ನನ್ನ ಅರ್ಧ ಸಮಯ ಹೋಗಿದ್ದು ಇಲ್ಲೇ, ಹೋಗಬೇಕಾದದ್ದೂ ಇಲ್ಲೇ. ನಾನು ತೆಗೆದುಕೊಂಡಿದ್ದು ಆತ್ಮಗೌರವ ಅಳೆಯುವ 1965ರ ರೋಸೆನ್‌ಬರ್ಗ್ ಸ್ಕೇಲ್. ಹತ್ತೇ ವಾಕ್ಯ, ಅದರಲ್ಲಿ ಐದು ಉಲ್ಟಾ, ಅಂದರೆ ಒಪ್ಪಿದರೆ ಅಂಕ ಇಳಿಯುತ್ತದೆ. ಎಂಟನೆಯದನ್ನು ‘ನನ್ನ ಮೇಲೆ ನನಗೆ ಇನ್ನೂ ಹೆಚ್ಚು ಗೌರವ ಇರಬೇಕೆಂದು ಬಯಸುತ್ತೇನೆ’ ಅಂತ ಕನ್ನಡ ಮಾಡಿದೆ. ಪೈಲಟ್‌ಗೆ (ಮೊದಲ ಟ್ರಯಲ್‌ಗೆ) ಕೂತಿದ್ದ ಹಾಸ್ಟೆಲ್ ಹುಡುಗಿ ಅದನ್ನು ಓದಿ, ‘ಅಕ್ಕ, ಗೌರವ ಯಾರಿಗೆ ಬೇಡ?’ ಅಂತ ನಗುತ್ತಾ ‘ಸಂಪೂರ್ಣ ಒಪ್ಪುತ್ತೇನೆ’ಗೆ ಟಿಕ್ ಹಾಕಿದಳು. ಸ್ಕೇಲಿನ ಲೆಕ್ಕದಲ್ಲಿ ಅದು ಕೊರಗು, ಹಾಗಾಗಿ ಅವಳ ಅಂಕ ಇಳಿಯಿತು. ಅವಳಿಗೆ ಅದು ಒಳ್ಳೆಯ ಆಸೆ. ಚೀನೀ ಭಾಷೆಯಲ್ಲೂ ಇದೇ ಎಂಟನೇ ವಾಕ್ಯ ಹೀಗೇ ಕಾಟ ಕೊಟ್ಟಿದೆ ಅಂತ ಆಮೇಲೆ ಓದಿದೆ. ‘ಹೆಮ್ಮೆಪಡುವಂಥದ್ದು ನನ್ನಲ್ಲಿ ಹೆಚ್ಚೇನಿಲ್ಲ’ ಅನ್ನುವುದಕ್ಕೂ ಅದೇ ಗತಿ: ‘ನಂಗೆ ಜಂಬ ಇಲ್ಲ’ ಅಂತ ಅರ್ಥ ಮಾಡಿಕೊಂಡು ಖುಷಿಯಿಂದ ಒಪ್ಪಿದವರಿದ್ದರು.

ಅದಕ್ಕೇ ಬ್ಯಾಕ್ ಟ್ರಾನ್ಸ್‌ಲೇಶನ್ ಮಾಡಿಸಿ. ಮೂಲ ನೋಡದ ಒಬ್ಬರಿಂದ ನಿಮ್ಮ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತರಿಸಿ, ಮೂಲದ ಪಕ್ಕ ಇಟ್ಟು ನೋಡಿ. ಆದರೆ ನನ್ನ ಎಂಟನೇ ವಾಕ್ಯ ಆ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗಿತ್ತು! ಹಾಗಾಗಿ ಏಳೆಂಟು ಜನರನ್ನಾದರೂ ಎದುರಿಗೆ ಕೂರಿಸಿಕೊಂಡು, ಜೋರಾಗಿ ಓದಿಸಿ, ‘ಏನು ಅರ್ಥ ಆಯ್ತು?’ ಅಂತ ಕೇಳಿ.

ಈಗ ಲೆಕ್ಕ. ಎಷ್ಟು ಜನ ಬೇಕು ಅಂತ ಲೆಕ್ಕ ಹಾಕುವ ಜಿ*ಪವರ್ ಅನ್ನುವ ಸಾಫ್ಟ್‌ವೇರ್ ಫ್ರೀ. ಎರಡು ಗುಂಪುಗಳ ನಡುವೆ ಮಧ್ಯಮ ಗಾತ್ರದ ವ್ಯತ್ಯಾಸ (0.5) ಹಿಡಿಯಬೇಕು, ಪವರ್ (ವ್ಯತ್ಯಾಸ ನಿಜವಾಗಿ ಇದ್ದರೆ ಅದು ಸಿಗುವ ಸಾಧ್ಯತೆ) 80%, ಆಲ್ಫಾ (ಇಲ್ಲದ ವ್ಯತ್ಯಾಸವನ್ನು ಇದೆ ಅಂದುಬಿಡುವ ಸಾಧ್ಯತೆ) 0.05 ಅಂತ ಹಾಕಿದರೆ ಗುಂಪಿಗೆ 64 ಜನ, ಒಟ್ಟು 128. ವ್ಯತ್ಯಾಸ ಸಣ್ಣದು (0.2) ಅಂದುಕೊಂಡರೆ ಗುಂಪಿಗೆ ಹತ್ತಿರ ಹತ್ತಿರ 400! ‘ನೂರು ಜನ ಸಾಕು’ ಅನ್ನುವ ಸೀನಿಯರ್‌ಗಳ ಮಾತು ಎಲ್ಲ ಪ್ರಶ್ನೆಗೂ ಹೊಂದುವುದಿಲ್ಲ. ಸ್ವಲ್ಪ ಜಾಸ್ತಿಯೇ ತುಂಬಿಸಿ. ಉಲ್ಟಾ ವಾಕ್ಯವನ್ನೂ ನೋಡದೆ ಎಲ್ಲದಕ್ಕೂ ‘ಒಪ್ಪುತ್ತೇನೆ’ ಅಂತ ಗೀಚಿದವರನ್ನು ತೆಗೆಯಬೇಕಾಗುತ್ತದೆ. ಎಂಥವರನ್ನು ತೆಗೆಯುತ್ತೀರಿ ಅನ್ನುವುದನ್ನೂ ಮೊದಲೇ ಬರೆದಿಡಿ.

ಗೂಗಲ್ ಫಾರ್ಮ್ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ನಿಮ್ಮಂಥವರೇ ತುಂಬುತ್ತಾರೆ. ನಾನು ಅನುಮತಿ ಪತ್ರ ಹಿಡಿದು ಕ್ಲಾಸಿಗೇ ಹೋದೆ. ಒಂದು ಕಾಲೇಜಿನಲ್ಲಿ ಮೂರು ದಿನ ಬೆಂಚ್ ಕಾಯಿಸಿದರು, ಇರಲಿ. ಒಪ್ಪಿಗೆ ಪತ್ರ ಕಡ್ಡಾಯ, ಮಧ್ಯದಲ್ಲಿ ಬಿಟ್ಟು ಹೋಗಬಹುದು ಅಂತ ಬಾಯಲ್ಲೂ ಹೇಳಿ. ಪಿಯುಸಿಯವರಾದರೆ ಮನೆಯವರ ಒಪ್ಪಿಗೆಯೂ ಬೇಕು, ಅದಕ್ಕೇ ನಾನು ಆ ಕಡೆ ಹೋಗಲಿಲ್ಲ.

ವಿಶ್ಲೇಷಣೆಗೆ ಜಾಸ್ಪ್ (JASP) ಅನ್ನುವ ಸಾಫ್ಟ್‌ವೇರ್ ಸಾಕು, ಅದೂ ಫ್ರೀ. ಫಲಿತಾಂಶ ಬರದಿದ್ದರೆ ಹುಡುಗರು ಬೇರೆ, ಹುಡುಗಿಯರು ಬೇರೆ, ತಾಲ್ಲೂಕು ಬೇರೆ ಅಂತ ಸೀಳುತ್ತಾ ಹೋಗಬೇಡಿ. ಹಾಗೆ ಸಿಕ್ಕ ಫಲಿತಾಂಶ ಮತ್ತೆ ಮಾಡಿ ನೋಡಿದರೆ ನಿಲ್ಲದೇ ಹೋಗಬಹುದು. 2015ರಲ್ಲಿ ಸೈಕಾಲಜಿಯ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ 36%ರಲ್ಲಿ ಮಾತ್ರ ಸಿಗ್ನಿಫಿಕೆಂಟ್ (ಬರೀ ಆಕಸ್ಮಿಕ ಅಂತ ಸುಲಭವಾಗಿ ತಳ್ಳಿಹಾಕಲಾಗದ) ಫಲಿತಾಂಶ ಬಂತು. ಮೂಲದಲ್ಲಿ ಅದು 97% ಇತ್ತು.

ನನ್ನ ಎರಡು ಗುಂಪುಗಳ ನಡುವೆ ವ್ಯತ್ಯಾಸ ಸಿಗಲಿಲ್ಲ. ಇಷ್ಟು ಜನರಲ್ಲಿ ಸಣ್ಣ ವ್ಯತ್ಯಾಸ ಇದ್ದರೂ ಕಾಣದೇ ಇರಬಹುದು ಅಂತ ಹಾಗೇ ಬರೆದುಕೊಟ್ಟೆ. ಎಂಟನೇ ವಾಕ್ಯ ಇಟ್ಟು ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಮಾಡಿ ಎರಡನ್ನೂ ಹಾಕಿದ್ದೆ. ವೈವಾಗೆ ಹೆದರಿಕೊಂಡೇ ಹೋದೆ. ಹೊರಗಿನಿಂದ ಬಂದ ಎಕ್ಸಾಮಿನರ್, ಫಲಿತಾಂಶ ಸಿಗ್ನಿಫಿಕೆಂಟ್ ಹೌದೋ ಅಲ್ಲವೋ ಅಂತ ನೋಡುವ ಪಿ ವ್ಯಾಲ್ಯೂ ಕೇಳಲೇ ಇಲ್ಲ. ‘ಆ ಹುಡುಗಿ ಗೌರವ ಯಾರಿಗೆ ಬೇಡ ಅಂದ್ಲಲ್ಲ, ಅದನ್ನ ಹೇಳಿ’ ಅಂತ ಶುರು ಮಾಡಿದವರು, ಕೊನೇವರೆಗೂ ಅದನ್ನೇ ಕೇಳಿದರು.