ನಾಣ್ಯ ಪ್ರಶ್ನೋತ್ತರ: ಅಮೆರಿಕದ ಹಳೆ ಚಿಲ್ಲರೆಯಲ್ಲಿ ಬೆಳ್ಳಿ ಎಷ್ಟು?

ಪ್ರಶ್ನೆ: ಮನೆಯ ಚಿಲ್ಲರೆ ಡಬ್ಬಿಯಲ್ಲಿ 1962 ಮತ್ತು 1965ರ ಕ್ವಾರ್ಟರ್ (25 ಸೆಂಟ್), 1967ರ ಕೆನಡಿ ಅರ್ಧ ಡಾಲರ್, 1943ರ ನಿಕಲ್ (5 ಸೆಂಟ್ ನಾಣ್ಯ) ಸಿಕ್ಕಿವೆ. ಬೆಳ್ಳಿ ಯಾವುದರಲ್ಲಿದೆ? ಬೆಲೆ ಕಟ್ಟುವುದು ಹೇಗೆ? (ಓದುಗರೊಬ್ಬರು, ನ್ಯೂಜೆರ್ಸಿ)

ಉತ್ತರ: ಮೊದಲು ಇಸವಿ ನೋಡಿ, ಆಮೇಲೆ ಅಂಚು, ಕೊನೆಗೆ ತೂಕ. 20ನೇ ಶತಮಾನದಲ್ಲಿ 1964ರವರೆಗಿನ ಡೈಮ್ (10 ಸೆಂಟ್), ಕ್ವಾರ್ಟರ್, ಅರ್ಧ ಡಾಲರ್‌ಗಳಲ್ಲಿ ಶೇ. 90 ಬೆಳ್ಳಿ, ಉಳಿದದ್ದು ತಾಮ್ರ. ನಿಮ್ಮ 1962ರ ಕ್ವಾರ್ಟರ್ 6.25 ಗ್ರಾಂ ತೂಗಬೇಕು. ಅದರಲ್ಲಿ ಬೆಳ್ಳಿ 5.625 ಗ್ರಾಂ. ಅಂಚು ಪೂರ್ತಿ ಬೆಳ್ಳಗಿರುತ್ತದೆ. 1965ರದ್ದನ್ನು ಪಕ್ಕದಲ್ಲಿಟ್ಟು ನೋಡಿ: ಅಂಚಿನ ನಡುವೆ ಕೆಂಪು ತಾಮ್ರದ ಗೆರೆ ಕಾಣುತ್ತದೆ, ತೂಕ 5.67 ಗ್ರಾಂ. ಅದರಲ್ಲಿ ಬೆಳ್ಳಿ ಇಲ್ಲ.

ಅರ್ಧ ಡಾಲರ್‌ನಲ್ಲಿ ಮಾತ್ರ 1965ರಿಂದ 1970ರವರೆಗೆ ಶೇ. 40 ಬೆಳ್ಳಿ ಉಳಿಯಿತು. 11.5 ಗ್ರಾಂ ತೂಕದಲ್ಲಿ ಬೆಳ್ಳಿ 4.6 ಗ್ರಾಂ. ಇಷ್ಟು ಕಡಿಮೆ ಶುದ್ಧತೆಯದನ್ನು ಸೋಸುವ ಖರ್ಚು ಹೆಚ್ಚು. ಹಾಗಾಗಿ ವ್ಯಾಪಾರಿಗಳು ಇದಕ್ಕೆ ದರ ಇಳಿಸಿಯೇ ಕೇಳುತ್ತಾರೆ.

1943ರ ನಿಕಲ್ ಅನ್ನು ಕಪ್ಪಗಿದೆ ಎಂದು ಎಸೆಯಬೇಡಿ. ಯುದ್ಧಕ್ಕೆ ನಿಕಲ್ ಲೋಹ ಬೇಕಾಗಿ 1942ರ ಅಕ್ಟೋಬರ್‌ನಿಂದ 1945ರವರೆಗೆ ಶೇ. 35 ಬೆಳ್ಳಿ, 56 ತಾಮ್ರ, 9 ಮ್ಯಾಂಗನೀಸ್ ಬೆರೆಸಿದರು. ಹಿಂಬದಿಯ ಕಟ್ಟಡದ ಗುಮ್ಮಟದ ಮೇಲೆ ದೊಡ್ಡದಾಗಿ ಪಿ, ಡಿ ಅಥವಾ ಎಸ್ ಅಕ್ಷರವಿದ್ದರೆ ಅದೇ. 5 ಗ್ರಾಂನಲ್ಲಿ ಬೆಳ್ಳಿ 1.75 ಗ್ರಾಂ.

ಬೆಲೆಗೆ ಬೆಳ್ಳಿಯ ಗ್ರಾಂ ಅನ್ನು ಆ ದಿನದ ಗ್ರಾಂ ದರಕ್ಕೆ ಗುಣಿಸಿ. ದರ ಔನ್ಸ್‌ಗೆ ಹೇಳಿದ್ದರೆ ಅದು ಟ್ರಾಯ್ ಔನ್ಸ್, 31.1 ಗ್ರಾಂ. ಅಡುಗೆಮನೆಯ 28.35 ಗ್ರಾಂ ಔನ್ಸ್ ಹಿಡಿದರೆ ಲೆಕ್ಕ ಸುಮಾರು ಶೇ. 10 ಜಾಸ್ತಿ ಬರುತ್ತದೆ. ಬಹಳ ಜನ ಎಡವುವುದು ಇಲ್ಲೇ. ಶೇ. 90ರ ಚಿಲ್ಲರೆಯಲ್ಲಿ 1 ಡಾಲರ್ ಮುಖಬೆಲೆಗೆ 22.5 ಗ್ರಾಂ ಬೆಳ್ಳಿ. ಸವೆತ ಕಳೆದು ವ್ಯಾಪಾರಿಗಳು ಹಿಡಿಯುವುದು ಸುಮಾರು 22.2.

ಪ್ರಶ್ನೆ: 1921ರ ಮಾರ್ಗನ್ ಡಾಲರ್ (ಅಮೆರಿಕದ ಹಳೆ ಬೆಳ್ಳಿ ಡಾಲರ್ ನಾಣ್ಯ) ಕೊಳ್ಳಬೇಕೆಂದಿದ್ದೇನೆ. ಅಸಲಿಯೇ ಎಂದು ತಿಳಿಯುವುದು ಹೇಗೆ? ಅಪರೂಪದ್ದೇ? (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ತೂಕ 26.73 ಗ್ರಾಂ, ಅಗಲ 38.1 ಮಿ.ಮೀ. ಇರಬೇಕು. ಅಯಸ್ಕಾಂತ ಹಿಡಿದರೆ ಒಳಗೆ ಕಬ್ಬಿಣ, ಖಂಡಿತ ನಕಲಿ. ಹಿಡಿಯದಿದ್ದರೆ ಅಷ್ಟಕ್ಕೇ ನಂಬಬೇಡಿ, ಹಿತ್ತಾಳೆಯ ನಕಲಿಯನ್ನೂ ಅಯಸ್ಕಾಂತ ಹಿಡಿಯದು. ಅರ್ಧ ಗ್ರಾಂ ವ್ಯತ್ಯಾಸವಿದ್ದರೂ ನಾಣ್ಯ ಸವೆದಿದೆಯೇ ನೋಡಿ. ಸವೆಯದೆ ತೂಕ ಕಡಿಮೆಯಿದ್ದರೆ ಬಿಟ್ಟುಬಿಡಿ. 1905ರಿಂದ 1920ರ ನಡುವಿನ ಯಾವುದೇ ಇಸವಿಯ ಮಾರ್ಗನ್ ನಕಲಿ, ಆ ವರ್ಷಗಳ ಮಾರ್ಗನ್ ಇಲ್ಲವೇ ಇಲ್ಲ.

1921ರದ್ದು ಅಪರೂಪವಲ್ಲ. ಫಿಲಡೆಲ್ಫಿಯಾ ಟಂಕಸಾಲೆಯೊಂದೇ 4.4 ಕೋಟಿಗೂ ಮೀರಿ ಹೊಡೆಯಿತು. ಅದಕ್ಕೆ ನಮ್ಮ ದೇಶದ ನಂಟೂ ಉಂಟು. ಮೊದಲ ಮಹಾಯುದ್ಧದಲ್ಲಿ ಇಲ್ಲಿನ ಜನ ನೋಟು ಕೊಟ್ಟು ಬೆಳ್ಳಿ ರೂಪಾಯಿ ಕೇಳತೊಡಗಿದಾಗ ಬ್ರಿಟಿಷರಿಗೆ ಬೆಳ್ಳಿ ಸಾಲದಾಯಿತು. 1918ರ ಪಿಟ್‌ಮನ್ ಕಾಯ್ದೆಯಂತೆ ಅಮೆರಿಕ 27 ಕೋಟಿ ಡಾಲರ್ ನಾಣ್ಯ ಕರಗಿಸಿತು. ಅದರ ಬಹುಪಾಲು ಭಾರತಕ್ಕೆ ಬಂತು. ಕರಗಿದ್ದಕ್ಕೆ ಬದಲಾಗಿ ಹೊಸದು ಹೊಡೆಯಲು ಶುರುಮಾಡಿದ್ದು 1921ರಲ್ಲಿ. ಆದ್ದರಿಂದ ಸಾಧಾರಣ ಸ್ಥಿತಿಯದಕ್ಕೆ 24 ಗ್ರಾಂ ಬೆಳ್ಳಿಯ ಬೆಲೆಯ ಮೇಲೆ ಸ್ವಲ್ಪ ಕೊಡಿ, ಬಹಳ ಬೇಡ. 1893ರ ಎಸ್ (ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ) ಗುರುತಿನದ್ದಾದರೆ ಮಾತೇ ಬೇರೆ: ಹೊಡೆದದ್ದೇ 1 ಲಕ್ಷ. ಅದನ್ನು ತಜ್ಞರಿಗೆ ತೋರಿಸದೆ ಕೊಳ್ಳಬೇಡಿ.

ಪ್ರಶ್ನೆ: ಕಪ್ಪಾದ ನಾಣ್ಯವನ್ನು ಹುಣಸೆಹಣ್ಣಿನಲ್ಲಿ ತೊಳೆಯಬಹುದೇ? (ಓದುಗರೊಬ್ಬರು, ತುಮಕೂರು)

ಉತ್ತರ: ಬೇಡ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಯಾವುದೂ ಬೇಡ. ದೀಪದ ಕಂಬವನ್ನು ಉಜ್ಜುವ ಹಾಗೆ ಉಜ್ಜಿದರೆ ಮೇಲ್ಮೈಯಲ್ಲಿ ಸಣ್ಣ ಗೀರು ಬೀಳುತ್ತವೆ, ಸಂಗ್ರಹಕಾರರು ಕೊಡುವ ಹೆಚ್ಚುವರಿ ಬೆಲೆ ಹೋಗಿ ಬರೀ ಬೆಳ್ಳಿಯ ತೂಕದ ಬೆಲೆ ಉಳಿಯುತ್ತದೆ. ಅಂಚು ಹಿಡಿದು ಎತ್ತಿ, ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ ಇಲ್ಲದ ಕವರಿನಲ್ಲಿಡಿ.