ಡಿಕ್ ಟ್ರೇಸಿಯ 1937ರ ಸಿನಿಮಾ ಸೀರಿಯಲ್ ಅವನ ಕಾಮಿಕ್ಸ್‌ನಂತೆಯೇ ಇದೆಯಾ?

ಪೂರ್ತಿ ಹಾಗೇ ಇಲ್ಲ. ಚೆಸ್ಟರ್ ಗೌಲ್ಡ್ 1931ರಲ್ಲಿ ಅಮೆರಿಕದ ಪತ್ರಿಕೆಗಳಿಗೆ ಬರೆಯಲು ಶುರು ಮಾಡಿದ ಕಾಮಿಕ್ಸ್‌ನಲ್ಲಿ ಟ್ರೇಸಿ ನಗರದ ಪೊಲೀಸ್ ಪತ್ತೇದಾರ. ರಿಪಬ್ಲಿಕ್ ಕಂಪನಿಯ ಸೀರಿಯಲ್‌ನಲ್ಲಿ ಅವನನ್ನು ಸ್ಯಾನ್ ಫ್ರಾನ್ಸಿಸ್ಕೋದ ಎಫ್‌ಬಿಐ ಅಧಿಕಾರಿ ಮಾಡಿದರು. ಒಟ್ಟು 15 ಕಂತು. ಥಿಯೇಟರ್‌ನಲ್ಲಿ ವಾರಕ್ಕೊಂದು ಕಂತು ತೋರಿಸುತ್ತಿದ್ದರು, ಪ್ರತಿ ಸಲ ಹೀರೋ ಸಾಯೋ ಹಾಗಾದಾಗ ನಿಲ್ಲಿಸಿ ಜನ ಮುಂದಿನ ವಾರವೂ ಬರುವ ಹಾಗೆ ಮಾಡುತ್ತಿದ್ದರು.

ನನಗೆ ತುಂಬಾ ಇಷ್ಟವಾಗಿದ್ದು ಅಣ್ಣತಮ್ಮಂದಿರ ಕಥೆ. ಖಳರು ಟ್ರೇಸಿಯ ಸಹೋದರ ಗಾರ್ಡನ್‌ನನ್ನು ಹಿಡಿದು, ಆಪರೇಷನ್ ಮಾಡಿ, ಅವನನ್ನೇ ಅಪರಾಧಿಯಾಗಿಸುತ್ತಾರೆ. ಟ್ರೇಸಿಗೆ ಅವನ ಗುರುತೇ ಸಿಗಲ್ಲ. ಇದು ನಿಜಕ್ಕೂ ಮನಸ್ಸಿಗೆ ತಟ್ಟುತ್ತದೆ. ಕಾಮಿಕ್ಸ್‌ನಲ್ಲಿ ಟ್ರೇಸಿ ಮಾತಾಡಲು ಬಳಸುವ ಆ ಕೈಗಡಿಯಾರದ ರೇಡಿಯೋ ಮಾತ್ರ ಇಲ್ಲಿ ಹುಡುಕಬೇಡಿ, ಅದು ಕಾಮಿಕ್ಸ್‌ಗೇ ಬಂದಿದ್ದು 1946ರಲ್ಲಿ. ನಾಯಕ ರಾಲ್ಫ್ ಬರ್ಡ್ ಇಷ್ಟವಾದರೆ, ಅವರೇ ನಟಿಸಿದ ಇನ್ನೂ ಮೂರು ಟ್ರೇಸಿ ಸೀರಿಯಲ್‌ಗಳಿವೆ.