ಬೇಸಿಗೆಯಲ್ಲಿ ಸೂರ್ಯ ಹತ್ತಿರ ಬರ್ತಾನಾ?

ಈ ಸಲ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಸೂರ್ಯ, ಚಂದ್ರ, ಭೂಮಿ ಇವುಗಳ ನಡುವಿನ ದೂರದ ಬಗ್ಗೆಯೇ ಇವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸರ್, ರಾಯಚೂರಿನ ಬಿಸಿಲು ವರ್ಷದಿಂದ ವರ್ಷಕ್ಕೆ ತಡೆಯೋಕಾಗ್ತಿಲ್ಲ. ಸೂರ್ಯ ಭೂಮಿಗೆ ಹತ್ತಿರ ಬರ್ತಿದ್ದಾನೆ, ಅದಕ್ಕೇ ಹೀಗೆ ಅಂತ ನಮ್ಮ ಓಣಿಯಲ್ಲಿ ಎಲ್ಲರೂ ಹೇಳ್ತಾರೆ. ನಿಜಾನಾ? – ಗೃಹಿಣಿ, ರಾಯಚೂರು

ಇಲ್ಲಮ್ಮಾ. ದೂರ ಬದಲಾಗುವುದೇನೋ ನಿಜ, ಆದರೆ ನೀವಂದುಕೊಂಡದ್ದಕ್ಕೆ ಪೂರ್ತಿ ಉಲ್ಟಾ. ಭೂಮಿ ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ ಸಜ್ಜೆ ರೊಟ್ಟಿ ತಿಂದು ಬರ್ತೀವಲ್ಲ, ಹೆಚ್ಚು ಕಡಿಮೆ ಆ ಚಳಿಯ ದಿನಗಳಲ್ಲೇ. ಆಗ ದೂರ ಸುಮಾರು 14.71 ಕೋಟಿ ಕಿಲೋಮೀಟರ್. ಮಣ್ಣೆತ್ತಿನ ಅಮಾವಾಸ್ಯೆಯ ಆಸುಪಾಸು, ಅಂದರೆ ಜುಲೈ ಮೊದಲ ವಾರದಲ್ಲಿ ಅದು 15.21 ಕೋಟಿ ಆಗುತ್ತದೆ. ನಡುವಿನ ವ್ಯತ್ಯಾಸ 50 ಲಕ್ಷ ಕಿಲೋಮೀಟರ್. ಕೇಳೋಕೆ ಭಾರಿ ಅನಿಸಿದರೂ ಒಟ್ಟು ದೂರದಲ್ಲಿ ಇದು ಶೇಕಡಾ ಮೂರು ಚಿಲ್ಲರೆ ಅಷ್ಟೇ. ಇದರಿಂದ ಇಡೀ ಭೂಮಿಗೆ ಬೀಳುವ ಬಿಸಿಲಿನಲ್ಲಿ ಆಗುವ ಹೆಚ್ಚುಕಡಿಮೆ ಶೇಕಡಾ 7ರಷ್ಟು, ಅದೂ ಜನವರಿಯಲ್ಲೇ ಜಾಸ್ತಿ.

ಹಾಗಾದ್ರೆ ನಮಗೆ ಸೆಕೆ ಏಪ್ರಿಲ್, ಮೇ ತಿಂಗಳಲ್ಲಿ ಯಾಕೆ? ಭೂಮಿ ಸುಮಾರು 23.4 ಡಿಗ್ರಿ ವಾಲಿಕೊಂಡು ಸುತ್ತುತ್ತದೆ. ಡಿಸೆಂಬರ್ ಕೊನೆಯಲ್ಲಿ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, 51–52 ಡಿಗ್ರಿಗಿಂತ ಮೇಲೆ ಏರೋದಿಲ್ಲ. ಓರೆಯಾಗಿ ಬಿದ್ದ ಬಿಸಿಲು ಜಾಸ್ತಿ ಜಾಗಕ್ಕೆ ಹರಡಿ ತೆಳುವಾಗುತ್ತದೆ, ಹಗಲೂ 11 ಗಂಟೆ ಚಿಲ್ಲರೆಗೆ ಮುಗಿದುಹೋಗುತ್ತದೆ. ಮೇ ಮೊದಲ ವಾರಕ್ಕೆ ಅದೇ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬಂದು ನಿಲ್ಲುತ್ತಾನೆ. ಇದನ್ನು ನೀವೇ ನೋಡಬಹುದು. ಬಳ್ಳಾರಿ, ಕೊಪ್ಪಳದಲ್ಲಿ ಮೇ 1 ಅಥವಾ 2ಕ್ಕೆ, ರಾಯಚೂರಿನಲ್ಲಿ ಮೇ 5ರ ಸುಮಾರಿಗೆ ಮಾಳಿಗೆ ಮೇಲೆ ಒಂದು ಸ್ಟೀಲ್ ಲೋಟ ಬೋರಲು ಹಾಕಿ, ಮಧ್ಯಾಹ್ನ 12.15ರಿಂದ 12.25ರವರೆಗೆ ಕಣ್ಣಿಟ್ಟು ಕೂತುಕೊಳ್ಳಿ. ನೆರಳು ಬುಡಕ್ಕೆ ಸರಿದು ಸರಿದು ಒಂದು ಗಳಿಗೆ ಕಾಣದೇ ಹೋಗುತ್ತದೆ. ಆಗಸ್ಟ್ ಎರಡನೇ ವಾರದ ಹೊತ್ತಿಗೆ ಇನ್ನೊಂದು ಸಲ ಹೀಗೇ ಆಗುತ್ತದೆ, ಆದರೆ ಆಗ ಮೋಡ ಇರುತ್ತದೆ, ನೆಲ ಹಸಿ ಇರುತ್ತದೆ, ಹಾಗಾಗಿ ಮೇ ತಿಂಗಳಿನಷ್ಟು ಸುಡುವುದಿಲ್ಲ. ಸೂರ್ಯ ನೆತ್ತಿಗೆ ಬಂದಾಗ ಎರೆಹೊಲವೆಲ್ಲ ಒಣಗಿ ಬಿರುಕು ಬಿಟ್ಟಿದ್ದರೆ ಸೆಕೆ ಎಲ್ಲಿಗೆ ಹೋಗಬೇಕು ಹೇಳಿ.

ಬಿಸಿಲು ವರ್ಷ ವರ್ಷ ಜಾಸ್ತಿ ಆಗ್ತಿದೆ ಅನ್ನುವ ನಿಮ್ಮ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಭೂಮಿ ಬಿಸಿಯಾಗ್ತಿರುವುದು ನಿಜ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಟ್ಟು ಗಾಳಿಗೆ ತುಂಬಿದ ಇಂಗಾಲದ ಡೈಆಕ್ಸೈಡ್ ಶಾಖವನ್ನು ಹೊರಗೆ ಬಿಡದೆ ಹಿಡಿದಿಡುತ್ತಿದೆ. ಅದಕ್ಕೆ ಸೂರ್ಯನನ್ನು ದೂರಿದರೆ ಪ್ರಯೋಜನ ಇಲ್ಲ.

ಪ್ರಶ್ನೆ: ‘ಅಪ್‌ಹೀಲಿಯನ್ ಬರ್ತಿದೆ, ಸೂರ್ಯನ ದೂರ 9 ಕೋಟಿಯಿಂದ 15.2 ಕೋಟಿ ಕಿ.ಮೀ. ಆಗುತ್ತೆ, ಶೇ 66 ಜಾಸ್ತಿ, ಆಗಸ್ಟ್‌ವರೆಗೆ ಚಳಿ, ಕೆಮ್ಮು, ಜ್ವರ ಬರುತ್ತೆ’ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಮಕ್ಕಳನ್ನು ಹೊರಗೆ ಬಿಡಬಾರದಾ? – ಗಂಗಾವತಿ

ಧಾರಾಳವಾಗಿ ಬಿಡಿ. ಈ ಮೆಸೇಜು ಎಷ್ಟೋ ವರ್ಷಗಳಿಂದ ಸುತ್ತುತ್ತಲೇ ಇದೆ. ಅಪ್‌ಹೀಲಿಯನ್ ಅಂದರೆ ಮೇಲೆ ಹೇಳಿದ ಹಾಗೆ ಜುಲೈಯಲ್ಲಿ ಭೂಮಿ ಸೂರ್ಯನಿಂದ ತೀರಾ ದೂರ ಇರುವ ಜಾಗ, ಅಷ್ಟೇ. ಮೆಸೇಜಿನಲ್ಲಿ 15.2 ಕೋಟಿ ಅನ್ನುವುದೊಂದು ಸರಿ. 9 ಕೋಟಿ ಎಲ್ಲಿಂದ ಬಂತು? ಭೂಮಿ ಅಷ್ಟು ಹತ್ತಿರ ಯಾವತ್ತೂ ಹೋಗುವುದಿಲ್ಲ. ಸೂರ್ಯನ ಬೆಳಕು ನಮಗೆ ಮುಟ್ಟಲು ಜನವರಿಯಲ್ಲಿ 8 ನಿಮಿಷ 11 ಸೆಕೆಂಡು, ಜುಲೈಯಲ್ಲಿ 8 ನಿಮಿಷ 27 ಸೆಕೆಂಡು ಹಿಡಿಯುತ್ತದೆ. ಕೆಮ್ಮು, ನೆಗಡಿ ಬಂದರೆ ಅದು ಮಳೆಗಾಲದ್ದು. ಫಾರ್ವರ್ಡ್ ಮಾಡಿದವರಿಗೂ ಇದನ್ನು ಹೇಳಿಬಿಡಿ.

ಪ್ರಶ್ನೆ: ಅಧಿಕ ಮಾಸ ಜ್ಯೇಷ್ಠಕ್ಕೆ ಬರುತ್ತದೆ, ಶ್ರಾವಣಕ್ಕೆ ಬರುತ್ತದೆ. ಅಧಿಕ ಪುಷ್ಯ ಅಂತ ನನ್ನ ಇಷ್ಟು ವಯಸ್ಸಿನಲ್ಲಿ ಕೇಳಿಲ್ಲ. ಯಾಕೆ? – ನಿವೃತ್ತ ಶಿಕ್ಷಕರು, ಕುಷ್ಟಗಿ

ಮೇಷ್ಟ್ರೇ, ಈ ಪ್ರಶ್ನೆ ಓದಿ ನನಗೆ ತುಂಬಾ ಖುಷಿಯಾಯಿತು. ಭೂಮಿ–ಸೂರ್ಯರ ದೂರ ಬದಲಾಗುವುದಕ್ಕೆ ಇಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ, ಅದು ಮನೆಮನೆಯ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್‌ನಲ್ಲೇ ಇದೆ!

ಸೂರ್ಯನಿಗೆ ಹತ್ತಿರ ಇದ್ದಾಗ ಭೂಮಿ ಜೋರಾಗಿ ಓಡುತ್ತದೆ, ದೂರ ಇದ್ದಾಗ ನಿಧಾನ. ಜನವರಿಯಲ್ಲಿ ಸೆಕೆಂಡಿಗೆ 30.3 ಕಿಲೋಮೀಟರ್, ಜುಲೈಯಲ್ಲಿ 29.3. ಹಾಗಾಗಿ ಸೂರ್ಯ ಒಂದೊಂದು ರಾಶಿ ದಾಟಲು ತೆಗೆದುಕೊಳ್ಳುವ ದಿನಗಳು ಒಂದೇ ಸಮ ಇರುವುದಿಲ್ಲ. ಕ್ಯಾಲೆಂಡರ್ ತೆಗೆದು ಎಣಿಸಿ. ಜೂನ್ 15ರ ಸುಮಾರಿಗೆ ಮಿಥುನ ಸಂಕ್ರಮಣ, ಜುಲೈ 16ರ ಸುಮಾರಿಗೆ ಕರ್ಕ ಸಂಕ್ರಮಣ. ನಡುವೆ 31 ದಿನಕ್ಕೂ ಜಾಸ್ತಿ, ಲೆಕ್ಕ ಹಾಕಿದರೆ 31.6 ದಿನ. ಡಿಸೆಂಬರ್‌ನ ಧನು ಸಂಕ್ರಮಣದಿಂದ ಮಕರ ಸಂಕ್ರಮಣಕ್ಕೆ 29.3 ದಿನ ಮಾತ್ರ. ಧನುರ್ಮಾಸ ಬೇಗ ಮುಗಿಯುವುದು ಭೂಮಿ ಸೂರ್ಯನ ಹತ್ತಿರ ಇರುವುದರಿಂದಲೇ.

ಈಗ ಅಧಿಕ ಮಾಸಕ್ಕೆ ಬರೋಣ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.5 ದಿನ. ಎರಡು ಸಂಕ್ರಮಣಗಳ ನಡುವೆ ಎರಡು ಅಮಾವಾಸ್ಯೆ ಬಿದ್ದರೆ, ಸಂಕ್ರಮಣವೇ ಇಲ್ಲದ ಒಂದು ಚಾಂದ್ರಮಾಸ ಉಳಿಯುತ್ತದಲ್ಲ, ಅದೇ ಅಧಿಕ. 31 ದಿನದ ಉದ್ದ ತಿಂಗಳಲ್ಲಿ ಎರಡು ಅಮಾವಾಸ್ಯೆಗೆ ಜಾಗ ಸಿಗುತ್ತದೆ. 29.3 ದಿನದ ಧನುರ್ಮಾಸದಲ್ಲಿ ಎಲ್ಲಿ ಸಿಗಬೇಕು? ಇತ್ತೀಚಿನ ಅಧಿಕ ಮಾಸಗಳನ್ನೇ ನೋಡಿ: 2018ರಲ್ಲಿ ಜ್ಯೇಷ್ಠ, 2020ರಲ್ಲಿ ಆಶ್ವಯುಜ, 2023ರಲ್ಲಿ ಶ್ರಾವಣ, 2026ರಲ್ಲಿ ಮತ್ತೆ ಜ್ಯೇಷ್ಠ. ಎಲ್ಲವೂ ಹೆಚ್ಚು ಕಡಿಮೆ ಭೂಮಿ ದೂರದಲ್ಲಿ ನಿಧಾನ ಹೋಗುವ ಆ ಅರ್ಧದಲ್ಲೇ ಬಂದಿವೆ. ಇದರ ಇನ್ನೊಂದು ಮುಖವೂ ಇದೆ. ಚಳಿಗಾಲದ ಗಿಡ್ಡ ಸೌರಮಾಸದಲ್ಲಿ, ಅಂದರೆ ಸಂಕ್ರಮಣದಿಂದ ಸಂಕ್ರಮಣದವರೆಗಿನ ತಿಂಗಳಲ್ಲಿ, ಅಪರೂಪಕ್ಕೆ ಒಂದೂ ಅಮಾವಾಸ್ಯೆ ಬೀಳದೆ ಹೋಗುತ್ತದೆ, ಆಗ ಕ್ಷಯ ಮಾಸ. 1963–64ರಲ್ಲಿ ಬಂದಿತ್ತು, 1982–83ರಲ್ಲಿ ಬಂದಿತ್ತು, ನಿಮಗೆ ನೆನಪಿರಬಹುದು.

ನಮ್ಮ ಹಳೆಯ ಪಂಚಾಂಗ ಕರ್ತರಿಗೆ ಸೂರ್ಯನ ನಡಿಗೆ ಒಂದೇ ಸಮ ಇಲ್ಲ ಅನ್ನುವುದು ಚೆನ್ನಾಗಿ ಗೊತ್ತಿತ್ತು. ಮಂದೋಚ್ಚ (ಸೂರ್ಯ ತೀರಾ ನಿಧಾನ ಸಾಗುವ ಜಾಗ), ಮಂದ ಸಂಸ್ಕಾರ (ಆ ಏರುಪೇರಿಗೆ ಮಾಡುವ ತಿದ್ದುಪಡಿ) ಅಂತ ಲೆಕ್ಕದಲ್ಲಿ ಇದನ್ನು ಸೇರಿಸಿಯೇ ಸಂಕ್ರಮಣದ ಹೊತ್ತು ಹೇಳುತ್ತಿದ್ದರು. ದೂರದರ್ಶಕ ಇಲ್ಲದ ಕಾಲದಲ್ಲಿ ಮಾಡಿದ ಈ ಕೆಲಸದ ಬಗ್ಗೆ ಶಾಲೆಯಲ್ಲಿ ಯಾಕೆ ಹೇಳಿಕೊಡುವುದಿಲ್ಲ ಅನ್ನುವುದು ನನ್ನ ಬಹಳ ದಿನದ ಬೇಸರ. ಹತ್ತಿರ ಇದ್ದಾಗ ಜೋರು, ದೂರ ಇದ್ದಾಗ ನಿಧಾನ ಅನ್ನುವ ಕೆಪ್ಲರ್ ನಿಯಮವನ್ನು ಬೋರ್ಡಿನ ಮೇಲೆ ಬರೆಸುವ ಬದಲು ಮಕ್ಕಳ ಕೈಗೆ ಒಂದು ಪಂಚಾಂಗ ಕೊಟ್ಟು ಎಣಿಸಿ ಅಂದರೆ ಸಾಕು.

ಪ್ರಶ್ನೆ: 1980ರ ಗ್ರಹಣದಲ್ಲಿ ಹಾಡುಹಗಲೇ ಕತ್ತಲಾಗಿ ಚುಕ್ಕಿ ಕಂಡವು ಅಂತ ನಮ್ಮ ಮುತ್ಯಾ ಹೇಳ್ತಾರೆ. 2019ರ ಗ್ರಹಣದಲ್ಲಿ ಸೂರ್ಯ ಬಳೆಯ ಹಾಗೆ ಕಂಡಿದ್ದನ್ನು ಟಿವಿಯಲ್ಲಿ ತೋರಿಸಿದರು. ಚಂದ್ರ ಒಂದೇ ಅಲ್ವಾ, ಒಮ್ಮೆ ಪೂರ್ತಿ ಮುಚ್ಚಿ ಒಮ್ಮೆ ಯಾಕೆ ಮುಚ್ಚಲಿಲ್ಲ? – ಪದವಿ ವಿದ್ಯಾರ್ಥಿ, ಸಿಂಧನೂರು

ನಿಮ್ಮ ಮುತ್ಯಾ ಹೇಳಿದ್ದು ಅಕ್ಷರಶಃ ನಿಜ. 1980ರ ಫೆಬ್ರುವರಿ 16ರಂದು ಪೂರ್ಣ ಗ್ರಹಣದ ಪಟ್ಟಿ ಅಂಕೋಲಾ ಕಡೆಯಿಂದ ಹುಬ್ಬಳ್ಳಿ, ರಾಯಚೂರು ಜಿಲ್ಲೆ ದಾಟಿ ಒಡಿಶಾದ ಕಡೆ ಹೋಯಿತು. ನಿಮ್ಮ ಪಕ್ಕದ ಜವಳಗೇರಾದಲ್ಲೇ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಕ್ಯಾಂಪ್ ಹಾಕಿದ್ದರು. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಎರಡು ನಿಮಿಷಕ್ಕೂ ಜಾಸ್ತಿ ಹೊತ್ತು ಸೂರ್ಯ ಪೂರ್ತಿ ಮರೆಯಾಗಿದ್ದ. ಮುತ್ಯಾ ಕಂಡದ್ದನ್ನೆಲ್ಲ ಕೂತು ಬರೆದಿಟ್ಟುಕೊಳ್ಳಿ. ಹಕ್ಕಿ ಏನು ಮಾಡಿದವು, ದನ ಏನು ಮಾಡಿದವು, ಊರವರು ಬಾಗಿಲು ಹಾಕಿಕೊಂಡರಾ, ಎಲ್ಲ ಕೇಳಿ. ನೋಡಿದವರ ಸಂಖ್ಯೆ ಕಮ್ಮಿ ಆಗ್ತಿದೆ.

ಈಗ ನಿಮ್ಮ ಪ್ರಶ್ನೆ. ಚಂದ್ರ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದ್ದಾನೆ. ಆದರೆ ಪ್ರತಿ ತಿಂಗಳೂ ಒಮ್ಮೆ ಹತ್ತಿರ ಬಂದು ಒಮ್ಮೆ ದೂರ ಹೋಗುತ್ತಾನೆ. ತೀರಾ ಹತ್ತಿರ ಅಂದರೆ 3,56,000 ಚಿಲ್ಲರೆ, ತೀರಾ ದೂರ ಅಂದರೆ 4,06,000 ಚಿಲ್ಲರೆ. ಚಂದ್ರನ ಕಡುನೆರಳು ಹಿಂದಕ್ಕೆ ಚೂಪಾಗುತ್ತಾ ಹೋಗಿ ಸುಮಾರು 3,75,000 ಕಿಲೋಮೀಟರಿಗೆ ಮುಗಿದುಬಿಡುತ್ತದೆ. ಚಂದ್ರ ಹತ್ತಿರ ಇದ್ದರೆ ಆ ನೆರಳಿನ ಮೊನೆ ಭೂಮಿಗೆ ಮುಟ್ಟುತ್ತದೆ, ಪೂರ್ಣ ಗ್ರಹಣ ಆಗುತ್ತದೆ. ದೂರ ಇದ್ದರೆ ಮುಟ್ಟುವುದಿಲ್ಲ, ಸೂರ್ಯನ ಅಂಚು ಸುತ್ತಲೂ ಉಳಿದು ಕಂಕಣ ಗ್ರಹಣ ಆಗುತ್ತದೆ. 1980ರಲ್ಲಿ ಗ್ರಹಣದ ಮರುದಿನವೇ ಚಂದ್ರ ತನ್ನ ಅತಿ ಹತ್ತಿರದ ಜಾಗಕ್ಕೆ ಬರುವವನಿದ್ದ. 2019ರ ಡಿಸೆಂಬರ್ 26ರಂದು ಆ ಅನುಕೂಲ ಇರಲಿಲ್ಲ, ಮೇಲಾಗಿ ಡಿಸೆಂಬರ್ ಕೊನೆ ಅಂದರೆ ಸೂರ್ಯ ನಮಗೆ ಹತ್ತಿರ ಇದ್ದು ಚೂರು ದೊಡ್ಡದಾಗಿಯೇ ಕಾಣುವ ಕಾಲ. ಕೊಡಗು, ಕಾಸರಗೋಡಿನವರಿಗೆ ಬಳೆ ಕಂಡಿತು, ನಮ್ಮ ಕಡೆಯವರಿಗೆ ಕಚ್ಚಿದ ಸೂರ್ಯ ಮಾತ್ರ. ಎರಡೂ ದೂರಗಳು ಹೀಗೆ ಸೇರಿಕೊಂಡಾಗ ಏನಾಗುತ್ತದೆ ಅನ್ನುವುದಕ್ಕೆ 2010ರ ಜನವರಿ 15ರ ಗ್ರಹಣ ಇದೆ. ಸೂರ್ಯ ಹತ್ತಿರ, ಚಂದ್ರ ದೂರ. ಹಿಂದೂ ಮಹಾಸಾಗರದ ಮೇಲೆ ಬಳೆ 11 ನಿಮಿಷಕ್ಕೂ ಜಾಸ್ತಿ ನಿಂತಿತ್ತು, ಈ ಸಾವಿರ ವರ್ಷದಲ್ಲೇ ಅಷ್ಟು ಉದ್ದದ್ದು ಇನ್ನೊಂದಿಲ್ಲ.

ಮುಂದಿನದಕ್ಕೆ ಈಗಲೇ ಗುರುತು ಹಾಕಿಕೊಳ್ಳಿ. 2031ರ ಮೇ 21ರಂದು ಕೇರಳ, ತಮಿಳುನಾಡಿನಲ್ಲಿ ಕಂಕಣ ಗ್ರಹಣ, 2034ರ ಮಾರ್ಚ್ 20ರಂದು ಲಡಾಖ್ ಕಡೆ ಪೂರ್ಣ ಗ್ರಹಣ. ಗ್ರಹಣದ ಕನ್ನಡಕ ಇಲ್ಲದೆ ಮಾತ್ರ ನೋಡಬೇಡಿ. ಎಕ್ಸ್‌ರೇ ಹಾಳೆ, ಬಕೆಟ್ ನೀರು, ಯಾವುದೂ ಬೇಡ.

ಪ್ರಶ್ನೆ: ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಹೋಗ್ತಿದ್ದಾನೆ ಅಂತ ಪಾಠದಲ್ಲಿದೆ. ಅಷ್ಟು ಸಣ್ಣದನ್ನು ಹೇಗೆ ಅಳೀತಾರೆ? ಯಾಕೆ ದೂರ ಹೋಗ್ತಾನೆ? ಸೂರ್ಯನೂ ಹೋಗ್ತಾನಾ? – ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಸಂಡೂರು

ಮೂರೂ ಒಳ್ಳೆಯ ಪ್ರಶ್ನೆ, ತಂಗಿ. 1969ರಲ್ಲಿ ಅಪೊಲೊ 11ರವರು ಚಂದ್ರನ ಮೇಲೆ ವಿಶೇಷ ಕನ್ನಡಿಗಳ ಒಂದು ಫಲಕ ಇಟ್ಟು ಬಂದರು. ಬೆಳಕು ಯಾವ ಕಡೆಯಿಂದ ಬಂತೋ ಅದೇ ಕಡೆಗೆ ವಾಪಸ್ ಕಳಿಸುವ ಕನ್ನಡಿಗಳು. ಆಮೇಲೆ ಇನ್ನೂ ಕೆಲವನ್ನು ಇಟ್ಟರು. ಇಲ್ಲಿಂದ ಲೇಸರ್ ಬಿಟ್ಟರೆ ಸುಮಾರು ಎರಡೂವರೆ ಸೆಕೆಂಡಿಗೆ ತಿರುಗಿ ಬರುತ್ತದೆ. ಆ ಹೊತ್ತನ್ನು ಅತಿ ಸೂಕ್ಷ್ಮವಾಗಿ ಅಳೆದರೆ ದೂರ ಸಿಗುತ್ತದೆ, ವರ್ಷಗಟ್ಟಲೆ ಅಳೆದರೆ ದೂರ ಎಷ್ಟು ಬೆಳೀತಿದೆ ಅಂತ ಸಿಗುತ್ತದೆ. ನಮ್ಮ ಚಂದ್ರಯಾನ-3ರ ವಿಕ್ರಮ್ ಮೇಲೂ ನಾಸಾದ ಇಂಥದ್ದೊಂದು ಪುಟ್ಟ ಫಲಕ ಇದೆ. 2023ರ ಡಿಸೆಂಬರ್‌ನಲ್ಲಿ ಚಂದ್ರನನ್ನು ಸುತ್ತುವ ನೌಕೆಯೊಂದು ಅದಕ್ಕೆ ಲೇಸರ್ ಬಿಟ್ಟು ಉತ್ತರ ಪಡೆಯಿತು.

ಯಾಕೆ ದೂರ ಹೋಗ್ತಾನೆ ಅಂದರೆ, ಸಮುದ್ರದ ಉಬ್ಬರದಿಂದ. ಚಂದ್ರನ ಎಳೆತಕ್ಕೆ ಭೂಮಿಯ ನೀರು ಉಬ್ಬುತ್ತದೆ. ಭೂಮಿ ಚಂದ್ರನಿಗಿಂತ ಬೇಗ ತಿರುಗುವುದರಿಂದ ಆ ಉಬ್ಬು ಚಂದ್ರನ ನೇರಕ್ಕೆ ನಿಲ್ಲದೆ ಸ್ವಲ್ಪ ಮುಂದಕ್ಕೆ ಹೋಗಿರುತ್ತದೆ. ಮುಂದಿರುವ ಉಬ್ಬು ಚಂದ್ರನನ್ನು ಮುಂದಕ್ಕೆ ಎಳೆಯುತ್ತದೆ, ಅವನ ದಾರಿ ಹಿಗ್ಗುತ್ತದೆ. ಆ ಶಕ್ತಿಯನ್ನು ಕೊಡುವುದು ಭೂಮಿಯ ತಿರುಗಾಟ, ಅದಕ್ಕೇ ಅದು ನಿಧಾನ ಆಗುತ್ತಾ ಬರುತ್ತದೆ. ನೂರು ವರ್ಷಕ್ಕೆ ದಿನ ಸುಮಾರು ಎರಡು ಮಿಲಿಸೆಕೆಂಡ್ ಉದ್ದವಾಗುತ್ತದೆ.

ಮೇಲೆ ಹೇಳಿದ 1980ರ ಗ್ರಹಣದಿಂದ ಈಚೆಗೆ ಚಂದ್ರ ದೂರ ಹೋಗಿರುವುದು ಒಂದಾಳು ಎತ್ತರದಷ್ಟು. ಕೋಟಿ ವರ್ಷಗಳ ಲೆಕ್ಕದಲ್ಲಿ ಮಾತ್ರ ಇದು ಬೇರೆಯೇ ಕಥೆ. ನಿಮ್ಮೂರಿನ ಗುಡ್ಡಗಳಲ್ಲಿ ಕೆಂಪು, ಕಪ್ಪು ಗೆರೆ ಒಂದರ ಮೇಲೊಂದು ಬಂದಿರುವ ಪಟ್ಟೆಪಟ್ಟೆ ಕಬ್ಬಿಣದ ಕಲ್ಲು ನೋಡಿದ್ದೀಯಲ್ಲ? ಆ ಜಾತಿಯದೇ ಕಲ್ಲು ಆಸ್ಟ್ರೇಲಿಯಾದಲ್ಲೂ ಇದೆ, ವಯಸ್ಸು 246 ಕೋಟಿ ವರ್ಷ. ಅದರ ಪಟ್ಟೆಗಳು ಎಷ್ಟೆಷ್ಟು ಅಂತರಕ್ಕೆ ಮತ್ತೆ ಮತ್ತೆ ಬರುತ್ತವೆ ಅಂತ ಅಳೆದು, ಆಗ ಚಂದ್ರ ಸುಮಾರು 3,22,000 ಕಿಲೋಮೀಟರ್ ದೂರದಲ್ಲಿದ್ದ, ದಿನಕ್ಕೆ 17 ಗಂಟೆ ಮಾತ್ರ ಇತ್ತು ಅಂತ 2022ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಲಾರಿಯಲ್ಲಿ ತುಂಬಿ ಸಾಗಿಸುವ ಅದಿರಿನಂಥ ಕಲ್ಲಿನಲ್ಲಿ ಚಂದ್ರನ ಲೆಕ್ಕ ಇರುತ್ತದೆ ಅಂದರೆ ಎಂಥ ವಿಷಯ! ಮುಂದಿನ ಲೆಕ್ಕ ಹೇಳಬೇಕೆಂದರೆ, ಸುಮಾರು 60 ಕೋಟಿ ವರ್ಷ ಕಳೆದ ಮೇಲೆ ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚುವಷ್ಟು ಹತ್ತಿರ ಬರುವುದೇ ಇಲ್ಲ. ಆಮೇಲೆ ಕಂಕಣ ಗ್ರಹಣಗಳು ಮಾತ್ರ.

ಸೂರ್ಯನದು ಬೇರೆ ಕಾರಣ. ಅವನು ಪ್ರತಿ ಸೆಕೆಂಡಿಗೆ ಸುಮಾರು 40 ಲಕ್ಷ ಟನ್‌ನಷ್ಟು ತನ್ನದೇ ದ್ರವ್ಯವನ್ನು ಬೆಳಕು, ಶಾಖವಾಗಿ ಕಳೆದುಕೊಳ್ಳುತ್ತಾನೆ. ತೂಕ ಇಳಿದ ಹಾಗೆ ಎಳೆತ ಸಡಿಲವಾಗಿ ಭೂಮಿ ವರ್ಷಕ್ಕೆ ಒಂದೂವರೆ ಸೆಂಟಿಮೀಟರ್‌ನಷ್ಟು ಹೊರಕ್ಕೆ ಸರಿಯುತ್ತದೆ.

ಪ್ರಶ್ನೆ: ಬಳ್ಳಾರಿ ಕೋಟೆ ಗುಡ್ಡದ ಪಕ್ಕ ಹುಣ್ಣಿಮೆ ಚಂದ್ರ ಹುಟ್ಟುವಾಗ ಎಷ್ಟು ದೊಡ್ಡದು! ರಾತ್ರಿ ಮೇಲೇರಿದಾಗ ಸಣ್ಣದು. ಅಷ್ಟರಲ್ಲೇ ದೂರ ಹೋದನಾ? – ಬಳ್ಳಾರಿ

ಹೋಗಿಲ್ಲ. ಹುಟ್ಟುವಾಗಿನಕ್ಕಿಂತ ನೆತ್ತಿಗೆ ಬಂದಾಗ ಚಂದ್ರ ನಮಗೆ ಸುಮಾರು 6,000 ಕಿಲೋಮೀಟರ್ ಹತ್ತಿರವೇ ಇರುತ್ತಾನೆ, ಯಾಕಂದರೆ ಅಷ್ಟರಲ್ಲಿ ಭೂಮಿ ತಿರುಗಿ ನಮ್ಮನ್ನು ಅವನ ಕಡೆಗೆ ತಂದಿರುತ್ತದೆ. ಗುಡ್ಡ, ಮರ, ಮನೆಗಳ ಪಕ್ಕ ದೊಡ್ಡದಾಗಿ ಕಾಣುವುದು ನಮ್ಮ ಕಣ್ಣು, ಮಿದುಳಿನ ಆಟ. ನಂಬಿಕೆ ಬರದಿದ್ದರೆ ಅಡುಗೆಮನೆಯಿಂದ ಒಂದು ದಪ್ಪ ತೊಗರಿ ಕಾಳು ತನ್ನಿ. ಎರಡು ಬೆರಳಲ್ಲಿ ಹಿಡಿದು, ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿಕೊಂಡು ಹುಟ್ಟುವ ಚಂದ್ರನ ಮೇಲೆ ಇಟ್ಟು ನೋಡಿ. ಊಟ ಮುಗಿಸಿ ಹತ್ತು ಗಂಟೆಗೆ ಮಾಳಿಗೆಗೆ ಹೋಗಿ ಅದೇ ಕಾಳಿನಿಂದ ಇನ್ನೊಂದು ಸಲ ನೋಡಿ. ಏನು ಕಂಡಿತು ಅಂತ ಬರೆದು ಕಳಿಸಿ, ಮಕ್ಕಳ ಕೈಯಿಂದ ಬರೆಸಿದರೆ ಇನ್ನೂ ಒಳ್ಳೆಯದು.